ನೀಲಿ ಕೈ

ಹೊಡೆದವರ ಅಂಗೈ ತೊಳೆದರೂ ಹೋಗದಂತೆ ನೀಲಿಗಟ್ಟುವ ಕಾಲ ಬಂದ ಮೇಲೂ ತಪಾಸಣೆಯವರು ನೋಡುತ್ತಿದ್ದದ್ದು ಗಂಡಸರ ಕೈ ಮಾತ್ರ. ವನಮಾಲಾ ತನ್ನ ಸಂಗಾತಿ ರೇವತಿಯೊಡನೆ ಇದ್ದ ಮನೆಯ ಹೊಸ್ತಿಲನ್ನು ಅವರು ತುಳಿದವರೇ ಅಲ್ಲ. ಈ ತಿಂಗಳಿಂದ ಎಲ್ಲರ ಕೈಯನ್ನೂ ನೋಡುತ್ತಾರೆಂಬ ಸುದ್ದಿ ಬಂದಿತ್ತು.

ತಪಾಸಣೆಯ ಚಂದ್ರಕ್ಕ ಬಂದು ಕೂತಾಗ ರೇವತಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ವನಮಾಲಾ ತನ್ನ ನೀಲಿ ಅಂಗೈಯನ್ನು ಚಾಚಿದಳು.

"ಕೈ ಮಾಡಿದ್ದು ನಾನೇ ಅಕ್ಕಾ. ಅವಳದ್ದೇನೂ ತಪ್ಪಿಲ್ಲ."

ಚಂದ್ರಕ್ಕ ಸೆರಗಿನ ತುದಿಯನ್ನು ನೀರಿಗೆ ಅದ್ದಿ ಆ ಕೈಯನ್ನು ಒರೆಸಿದರು. ಬಿಳಿಬಟ್ಟೆಗೆ ಹಾಕುವ ನೀಲಿಯೆಲ್ಲ ಸೆರಗಿಗೆ ಹತ್ತಿತು, ಅಂಗೈಯಲ್ಲಿ ಕಲೆಯೇ ಉಳಿಯಲಿಲ್ಲ.

"ನಿಮಗೆ ಹೇಗೆ ಗೊತ್ತಾಯ್ತು?"

"ಮೊನ್ನೆ ನಮ್ಮಲ್ಲಿ ತಪಾಸಣೆಯಾದಾಗ ನಮ್ಮನೆಯವಳಿಗೋಸ್ಕರ ನಾನೂ ಇದನ್ನೇ ಹಚ್ಕೊಂಡು ಕೂತಿದ್ದೆ," ಎಂದ ಚಂದ್ರಕ್ಕ ಅಡುಗೆಮನೆಯತ್ತ ತಿರುಗಿದರು. "ರೇವತೀ, ಕೈ ತೊಳ್ಕೊಂಡು ಬಾರಮ್ಮ."