ಜೋರು ಮಾಡಿದರೆ ಸೆಟೆಯುವ ಕಾಲು

"ಮತ್ತ ಸೆಟದ ಕುಂತ್ರಲ್ಲ. ಬೇಕಂತನ ಮಾಡ್ತೀರಿ ನೀವು," ಕೆಂಚವ್ವ ಗಂಡನಿಗೆ ಗದರಿದಳು. ಲಕ್ವಾ ಹೊಡೆದಿದ್ದ ರಾವಸಾಹೇಬನ ಬಲಗಾಲು ವ್ಯಾಯಾಮದ ಸೈಕಲ್ಲಿನ ಪೆಡಲಿನ ಮೇಲೆ ಕೊರಡಿನಂತೆ ನಿಂತಿತ್ತು. ನಿಧಾನ ತುಳಿದರೆ ತಿರುಗುವ ಕಾಲು, ಜೋರು ಮಾಡೆಂದರೆ ಹೀಗೇ. ಮೈಗಳ್ಳತನವಲ್ಲದೆ ಮತ್ತೇನು? ತಿಂಗಳಿಡೀ ಇದನ್ನೇ ಕೇಳಿ ಕೇಳಿ ಅವನು, ನಾಳೆಯಿಂದ ಈ ಸೈಕಲ್ ಹತ್ತುವುದಿಲ್ಲವೆಂದು ಬೆಳಿಗ್ಗೆ ಹೇಳಿಬಿಟ್ಟಿದ್ದ.

"ಕಾಕೂ, ಇಲ್ಲಿ ಕೈ ಇಡ್ರಿ," ಎಂದು ಚಿಕ್ಕೋಡಿಯಿಂದ ವ್ಯಾಯಾಮ ಮಾಡಿಸಲು ಬರುವ ನೀಲಮ ಕೆಂಚವ್ವನ ಅಂಗೈಯನ್ನು ಅವನ ಮೀನಖಂಡಕ್ಕೆ ಒತ್ತಿದಳು. "ಕಾಕಾ, ಸಾವಕಾಶ ತುಳೀರಿ." ಮಾಂಸ ಮೆತ್ತಗೆ ಆಡಿತು. "ಈಗ ಜೋರ." ಅಂಗೈ ಕೆಳಗೆ ಅದು ತಟಕ್ಕನೆ ಎದ್ದು ಕಲ್ಲಾಯಿತು. ರಾವಸಾಹೇಬ ಹಲ್ಲು ಕಚ್ಚಿ, ಬೆವರು ಸುರಿಸಿ ತುಳಿಯಲು ನೋಡುತ್ತಲೇ ಇದ್ದ.

"ತಾನ ಬಿಗೀತೈತೇನ ಇದು?" ಕೆಂಚವ್ವ ಕೇಳಿದಳು.

"ಹೌದ್ರಿ. ಅವಸರ ಮಾಡಿದಷ್ಟೂ ಬಿಗೀತೈತಿ. ಕಾಕಾರ ಕೈಯಾಗಿಲ್ಲ ಅದು."

ಗದರಿದರೆ ಹಾಲಿಳಿಸದ ಎಮ್ಮೆಗಳನ್ನು ಹಿಂಡಿದ ಕೈ ಕೆಂಚವ್ವನದು. ಕಾಲಿನ ಮೇಲಿಂದ ಅದನ್ನು ತೆಗೆಯಲಿಲ್ಲ. ನೆಲಕ್ಕೆ ಕುಕ್ಕರಗಾಲಿನಲ್ಲಿ ಕೂತು, ಇನ್ನೊಂದು ಕೈಯನ್ನೂ ಆ ಕಾಲಿಗೆ ಹಚ್ಚಿದಳು.

"ಸಾವಕಾಶ ತುಳೀರಿ," ಅಂದಳು ಗಂಡನಿಗೆ. "ಎಲ್ಲಿ ಬಿಗೀತೈತಿ, ಎಲ್ಲಿ ಬಿಡತೈತಿ, ನಾ ಹೇಳ್ತೀನಿ."