ಮಾರಿಗೊ ಸಮುದ್ರಕ್ಕಿಳಿದದ್ದು

ಕಪ್ಪು ಲಂಗ, ಕಪ್ಪು ರವಿಕೆ, ತಲೆಗೆ ಕಪ್ಪು ವಸ್ತ್ರ, ಕಾಲಿಗೆ ಕಪ್ಪು ಕಾಲುಚೀಲ. ಇಷ್ಟನ್ನೂ ತೊಟ್ಟುಕೊಂಡೇ ಮಾರಿಗೊ ಸಮುದ್ರಕ್ಕೆ ಇಳಿದುಬಿಟ್ಟಳು. ದಡದಲ್ಲಿದ್ದ ನಾದಿನಿ ಸೆವಸ್ತಿ ಗಾಬರಿಯಿಂದ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

“ಅತ್ತಿಗೆ! ತಲೆ ಕೆಟ್ಟಿದೆಯಾ ನಿಮಗೆ? ಅಣ್ಣ ಹೋಗಿ ಇನ್ನೂ ವರ್ಷ ತುಂಬಿಲ್ಲ. ಬನ್ನಿ ಮೇಲಕ್ಕೆ!”

“ಬಟ್ಟೆ ಬಿಚ್ಚಿದ್ದೀನಾ? ಇಲ್ವಲ್ಲ. ಸೂತಕದ ಕಪ್ಪು ಮೈಮೇಲೇ ಇದೆ.” ನೀರು ಮೊಣಕಾಲು ದಾಟಿತು.

ಗಂಡ ಸತ್ತವಳು ವರ್ಷ ತುಂಬುವವರೆಗೆ ಕಡಲಿಗೆ ಇಳಿಯಬಾರದು ಎಂಬುದು ಗ್ರೀಸಿನ ಆ ದ್ವೀಪದ ಕಟ್ಟಳೆ. ಎಲ್ಲೆಲ್ಲಿಂದಲೋ ವಿಮಾನ ಹತ್ತಿ ಬಂದವರು ಇಳಿಯಬಹುದು, ಅವರ ನಾಯಿಯೂ ಇಳಿಯಬಹುದು. ಹಿತ್ತಲಲ್ಲೇ ಕಡಲಿರುವ ಮಾರಿಗೊ ಮಾತ್ರ ದಡದಲ್ಲಿ ಕೂತು ಬೇಯಬೇಕು. ಮದುವೆಯಾದಾಗಿನಿಂದ ಬೇಸಿಗೆಯ ಪ್ರತಿ ಸಂಜೆ ಅವಳೂ ಗಂಡ ಲೆಫ್ತೇರಿಯೂ ಇಲ್ಲೇ ಒಟ್ಟಿಗೆ ಈಜುತ್ತಿದ್ದರು. ಆತ ಅಂಗಾತ ತೇಲಿಕೊಂಡು ಸರ್ಕಾರವನ್ನು ಬೈಯುವನು, ಅವಳು ಹೂಂಗುಟ್ಟುವಳು. ಚಳಿಗಾಲದಲ್ಲಿ ಆತ ಸತ್ತ. ಗೋರಿಯ ಮುಂದೆ ಕೂತರೆ ಅವಳಿಗೆ ಬರೀ ಕಲ್ಲು ಕಾಣುತ್ತಿತ್ತು. ಈ ನೀರಲ್ಲಾದರೂ ಆತ ಸಿಕ್ಕಾನು ಎಂಬ ಆಸೆ ಅವಳದು.

“ಊರವರು ಏನಂತಾರೆ? ಅಣ್ಣ ಬದುಕಿದ್ದಿದ್ರೆ ನಾಚಿಕೆಯಿಂದ ಸತ್ತುಹೋಗ್ತಿದ್ದ!” ಸೆವಸ್ತಿಯ ದನಿ ಕೀರಲಾಯಿತು.

ಅಷ್ಟರಲ್ಲಿ ಗುಡ್ಡದ ಮೇಲಿನ ಹಾಳು ದೇಗುಲ ನೋಡಿ ಬೆವೆತುಹೋದ ಪ್ರವಾಸಿಗರ ಹಿಂಡೊಂದು ದಡಕ್ಕೆ ಬಂತು. ಮಾರಿಗೊಳನ್ನು ಕಂಡದ್ದೇ ತಡ, ಎಲ್ಲರ ಕ್ಯಾಮೆರಾ ಅತ್ತ ತಿರುಗಿತು. ಅಥೆನ್ಸಿನ ಗೈಡ್ ಸೆವಸ್ತಿಯ ಬಳಿ ಬಂದು ಮೆಲ್ಲಗೆ ಕೇಳಿದ: “ಇದು ನಿಮ್ಮ ಕಡೆ ಗಂಡ ಸತ್ತವರು ಮಾಡೋ ಪದ್ಧತೀನಾ ಅಮ್ಮ?”

ಪರವೂರಿನವನ ಮುಂದೆ ಮನೆಯ ಮಾನ ಹರಾಜಾಗಲು ಬಿಡುವವಳಲ್ಲ ಸೆವಸ್ತಿ. “ಮತ್ತಿನ್ನೇನು? ನೀವು ನೋಡ್ಕೊಂಡು ಬಂದ ಆ ದೇಗುಲಕ್ಕಿಂತ ಹಳೇದು,” ಎಂದಳು ಗಂಭೀರವಾಗಿ.

“ಹೆಂಡತಿ ಒಬ್ಬಳೇ ಇಳಿಯೋದಾ?”

ಸೆವಸ್ತಿ ನೀರಲ್ಲಿದ್ದ ಅತ್ತಿಗೆಯತ್ತ ಒಮ್ಮೆ ನೋಡಿದಳು. “ಸತ್ತವನ ತಂಗೀನೂ,” ಎಂದವಳೇ ಚಪ್ಪಲಿ ಬಿಟ್ಟು, ಹಲ್ಲು ಕಚ್ಚಿಕೊಂಡು ನೀರಿಗೆ ನಡೆದಳು.

ಲಂಗ ಬುಸ್ಸನೆ ಉಬ್ಬಿ ತೇಲಾಡುತ್ತ ಬಂದ ನಾದಿನಿಯನ್ನು ಕಂಡು ಮಾರಿಗೊಳಿಗೆ ನಗು ತಡೆಯಲಾಗಲಿಲ್ಲ.

“ನಗಬೇಡಿ, ಫೋಟೋ ತೆಗೀತಿದ್ದಾರೆ,” ಸೆವಸ್ತಿ ಪಿಸುಗುಟ್ಟಿದಳು. “ಅಳಿ ಅತ್ತಿಗೆ.”

“ಅಳ್ತಾನೇ ಇದ್ದೀನಿ ಕಣೇ,” ಎಂದಳು ಮಾರಿಗೊ.