ಹೊನ್ನಾಳಿಯ ಹಸಿರು ಸೀರೆ

“ನಿಲ್ಲಿಸ್ರಿ! ಅಲ್ಲೇ ನಿಲ್ಲಿಸ್ರಿ!” ರುದ್ರಮುನಿ ಕುರ್ಚಿಯಿಂದ ಎದ್ದೇಬಿಟ್ಟ.

ಚನ್ನಗಿರಿ ಠಾಣೆಯ ಕಂಪ್ಯೂಟರಿನಲ್ಲಿ ಹೊನ್ನಾಳಿ ಬಸ್ ನಿಲ್ದಾಣ ಇದ್ದಂತೆಯೇ ನಿಂತಿತು. ಬಲ ಹೆಗಲಿಗಿದ್ದ ಹಸಿರು ಸೆರಗನ್ನು ತಲೆ ತುಂಬ ಹೊದ್ದ ಹೆಂಗಸೊಬ್ಬಳು ಕ್ಯಾಮೆರಾಕ್ಕೆ ಬೆನ್ನು ಹಾಕಿ ಬಸ್ ಹತ್ತುತ್ತಿದ್ದಳು.

“ಯಾವತ್ತಿಂದು ಸಾರ್ ಇದು?”

“ಮೊನ್ನೆದು,” ಎಂದರು ಸಬ್ ಇನ್ಸ್‌ಪೆಕ್ಟರ್ ರೇಣುಕಪ್ರಸಾದ್.

ರುದ್ರಮುನಿಯ ಹೆಂಡತಿ ರಮ್ಯಶ್ರೀ ಕಾಣೆಯಾಗಿ ಎರಡು ವಾರವಾಗಿತ್ತು. ಗೌರಿ ಹಬ್ಬಕ್ಕೆ ತಾಯಿ ಕೊಡಿಸಿದ ಹಸಿರು ಸೀರೆ ಉಟ್ಟು ಹೋದಳು ಎಂದು ದೂರು ಕೊಟ್ಟವನು ಅವನೇ. ಯಾರದೋ ಜೊತೆ ಓಡಿಹೋದಳು ಎಂದು ಬಸವಾಪಟ್ಟಣದ ಹೋಟೆಲುಗಳಲ್ಲೆಲ್ಲ ಹೇಳಿಕೊಂಡು ತಿರುಗಿದವನೂ ಅವನೇ. ಊರಿನವರು ಅವಳ ಮಾನವನ್ನು ಚಹಾದ ಜೊತೆ ಹಂಚಿಕೊಂಡು ಕುಡಿದರು.

ಗೋಡೆಗೊರಗಿ ಕೂತಿದ್ದ ಅವನ ಅತ್ತೆ ಕಸ್ತೂರಮ್ಮ ಎದ್ದು ಬಂದಳು. ಅತ್ತೂ ಅತ್ತೂ ಅವಳ ಕಣ್ಣು ಬತ್ತಿಹೋಗಿತ್ತು. ಈಗ ಅಲ್ಲಿ ಇದ್ದದ್ದು ಉರಿ ಮಾತ್ರ.

“ಅವಳೇ ಸಾರ್, ನನ್ನ ಮಗಳೇ. ನಡಿಗೆ ನೋಡಿದ್ರೆ ಗೊತ್ತಾಗಲ್ವಾ? ಜೀವಂತ ಅದಾಳೆ ನೋಡಪ್ಪ, ರುದ್ರಮುನಿ.”

“ಅದ್ಹೆಂಗಾಗುತ್ತೆ? ಮುಖ ತೋರಿಸ್ರಿ!”

ಮುಖ ಎಲ್ಲೂ ಇರಲಿಲ್ಲ. ನ್ಯಾಮತಿಯ ಬೇಕರಿ ಮುಂದೆ ಅದೇ ಸೀರೆ. ನಿನ್ನೆ ಜಗಳೂರಿನ ಬಟ್ಟೆ ಅಂಗಡಿ ಎದುರು ಅದೇ ಸೀರೆ, ಅದೇ ನಡಿಗೆ. ರುದ್ರಮುನಿಯ ಮುಖ ಬಿಳುಚಿಕೊಂಡಿತು. ಪಾಪ, ಮರ್ಯಾದೆಗೆ ಅಂಜಿದ ಗಂಡಸು ಎಂದುಕೊಂಡು ಪೇದೆ ಅಂಜಿನಪ್ಪ ನೀರು ತಂದುಕೊಟ್ಟ.

“ತಾವಾಗೇ ಹೋಗಿದಾರೆ. ನಾವಿನ್ನು ಹುಡುಕಲ್ಲ. ಮನೆಗೆ ಹೋಗ್ರಿ,” ಎಂದರು ರೇಣುಕಪ್ರಸಾದ್.

“ಸಿಕ್ರೆ ಬಿಡಾಕಿಲ್ಲ ಸಾರ್ ಅವಳನ್ನ,” ಎಂದು ಅವನು ಹಲ್ಲು ಕಡಿದ.

“ಬಿಡಬ್ಯಾಡ,” ಎಂದಳು ಕಸ್ತೂರಮ್ಮ. “ನಾನೂ ಬಿಡಾಕಿಲ್ಲ.”

ಅವನು ಬೈಕ್ ಹತ್ತಿ ಹೊರಟುಹೋದ. ಮರುದಿನ ಮಧ್ಯಾಹ್ನ ಠಾಣೆಯಿಂದ ಮತ್ತೆ ಫೋನು ಬಂತು. ಇನ್ನೊಂದು ದೃಶ್ಯ ಸಿಕ್ಕಿದೆ, ಬನ್ನಿ.

ಈ ಸಲ ಪರದೆಯ ಮೇಲೆ ಹೆಂಗಸಿರಲಿಲ್ಲ. ಅಲ್ಲಿದ್ದದ್ದು ರುದ್ರಮುನಿಯದೇ ಹೊಲ, ಮೂಲೆಯ ಹಾಳುಬಾವಿ, ಮತ್ತು ಸ್ವತಃ ರುದ್ರಮುನಿ. ನಿನ್ನೆ ಠಾಣೆಯಿಂದ ನೇರ ಅಲ್ಲಿಗೇ ಹೋಗಿದ್ದ. ಬಾವಿಗೆ ತುಂಬಿದ್ದ ಮೆಕ್ಕೆಜೋಳದ ದಂಟನ್ನು ಹುಚ್ಚನ ಹಾಗೆ ಎತ್ತೆತ್ತಿ ಹೊರಗೆ ಹಾಕಿದ. ಬಗ್ಗಿ ಒಳಗೆ ನೋಡಿದ. ಆಮೇಲೆ ದಂಟನ್ನೆಲ್ಲ ಮತ್ತೆ ಒಳಗೆ ತುಂಬಿ, ಕಟ್ಟೆಯ ಮೇಲೆ ಕೂತು ನೆಮ್ಮದಿಯಿಂದ ಬೀಡಿ ಹಚ್ಚಿದ.

“ನಿನ್ನ ಹೊಲದ ಬೇವಿನ ಮರಕ್ಕೆ ಆ ಕ್ಯಾಮೆರಾ ಕಟ್ಟಿಸಿದ್ದು ನಾವೇ,” ಎಂದರು ರೇಣುಕಪ್ರಸಾದ್. “ಹೆಂಡತಿ ಹೆಣ ಎಲ್ಲಿ ಹಾಕಿದೀಯ ಅಂತ ನೀನೇ ತೋರಿಸಬೇಕಿತ್ತು. ಇವತ್ತು ಬೆಳಿಗ್ಗೆ ಅವರನ್ನ ಮೇಲಕ್ಕೆ ತಂದ್ವಿ.”

“ಹಂಗಾದ್ರೆ... ಹೊನ್ನಾಳಿಯಾಗೆ ಬಸ್ ಹತ್ತಿದ್ದು?”

ಕಸ್ತೂರಮ್ಮ ಚೀಲದಿಂದ ಹಸಿರು ಸೀರೆಯೊಂದನ್ನು ತೆಗೆದು ಅವನ ಮುಖಕ್ಕೆ ಎಸೆದಳು.

“ಹಬ್ಬಕ್ಕೆ ಜೋಡಿ ತಂದಿದ್ದೆ, ಅವಳಿಗೊಂದು ನನಗೊಂದು. ನಮ್ಮಂಥ ಹಳೇ ಹೆಂಗಸರು ಬಲಕ್ಕೆ ಸೆರಗು ಹಾಕ್ತೀವಿ, ನನ್ನ ಮಗಳು ಯಾವತ್ತೂ ಎಡಕ್ಕೇ ಹಾಕೋಳು. ಮೂರು ವರ್ಷ ಸಂಸಾರ ಮಾಡಿದೆ, ಅದನ್ನೂ ಕಣ್ಣೆತ್ತಿ ನೋಡಲಿಲ್ಲವಲ್ಲೋ ನೀನು!”